ನಾತದ ಗಾಡಿಯ ಬ್ರೇಕು

ಆ ಗಾಡಿಯ ಕೆಳಗೆ ವರ್ಕ್‌ಶಾಪಿನ ಮೇಸ್ತ್ರಿ ಒಂದು ದಿನವೂ ಹೋದವನಲ್ಲ. ಆದರೂ ಅದರ ರಿಪೇರಿ ಚೀಟಿಗಳ ಮೇಲೆಲ್ಲ ಅವನದೇ ಸಹಿ. ಕೆಳಗೆ ಹೋಗುತ್ತಿದ್ದವಳು ಪೈಪಕ್ಕ.

ಕೈಯಲ್ಲಿ ಸದಾ ನೀರಿನ ಪೈಪು ಇರುತ್ತಿದ್ದುದರಿಂದ ಪೈಪಕ್ಕ. ಲಾರಿ ಕಂಪನಿಯ ಯಾರ್ಡಿನಲ್ಲಿ ವಾಟರ್ ಸರ್ವಿಸ್ ಅವಳ ಕೆಲಸ. ಮೂವತ್ತು ಚಿಲ್ಲರೆ ಲಾರಿ. ಸಿಮೆಂಟು ಹೊರುವವು, ಟೈಲ್ಸ್ ಹೊರುವವು, ಬಿಸ್ಕತ್ತಿನ ಪೆಟ್ಟಿಗೆ ಹೊರುವವು. ಅವನ್ನೆಲ್ಲ ತೊಳೆಯಲು ಬೇರೆ ಆಳುಗಳಿದ್ದರು. ಪೈಪಕ್ಕನ ಪಾಲಿಗೆ ಬಂದದ್ದು ಒಂದೇ ಒಂದು. ಕಸಾಯಿಖಾನೆಯಿಂದ ಕರುಳು, ರಕ್ತ, ಗೊರಸು, ಉಪ್ಪು ಹಚ್ಚಿದ ಚರ್ಮದ ಚೂರು ತುಂಬಿಕೊಂಡು ಊರಾಚೆಯ ಗೊಬ್ಬರದ ಕಾರ್ಖಾನೆಗೆ ಹೋಗುವ ಹಳೇ ಲಾರಿ. ಹದಿನಾಲ್ಕು ವರ್ಷದ್ದು. ಯಾರ್ಡಿನಲ್ಲಿ ಅದಕ್ಕೆ ನಾತದ ಗಾಡಿ ಎಂದೇ ಹೆಸರು. ಅದನ್ನು ಓಡಿಸುತ್ತಿದ್ದವನು ಪೈಪಕ್ಕನ ತಮ್ಮ. ಇಬ್ಬರೂ ಸೇರಿ ನಾತದವರು.

ನಾತದವರಿಗೆ ಕ್ಯಾಂಟೀನಿನ ಒಳಗೆ ಬೆಂಚಿಲ್ಲ. ಹಿಂದಿನ ಕಿಟಕಿಯಲ್ಲಿ ಕಾಗದದ ಲೋಟದಲ್ಲಿ ಟೀ. ಉಳಿದವರಿಗೆ ಸ್ಟೀಲ್ ಲೋಟ. "ನಿಮ್ದೇ ಲಕ್ಕು ಕಣಕ್ಕಾ, ಕುಡಿದು ಬಿಸಾಕೋದು, ತೊಳೆಯೋ ತಾಪತ್ರಯ ಇಲ್ಲ," ಎಂದು ಕ್ಯಾಂಟೀನಿನವನು ನಗುತ್ತಿದ್ದ. ದಿನವೂ ಅದೇ ಜೋಕು. ದಿನವೂ ಅವನೊಬ್ಬನೇ ನಗುವುದು.

ವರ್ಕ್‌ಶಾಪಿನ ಒಳಗೂ ಆ ಗಾಡಿಗೆ ಪ್ರವೇಶವಿರಲಿಲ್ಲ. ಎಷ್ಟು ತೊಳೆದರೂ ಇಲ್ಲ. ಅದು ನಿಲ್ಲುವುದು ಯಾರ್ಡಿನ ಕೊನೆಗೆ, ಕಾಂಪೌಂಡಿನ ಪಕ್ಕದ ಚರಂಡಿಯ ಹತ್ತಿರ. ರಿಪೇರಿ ಬಂದಾಗ ಮೇಸ್ತ್ರಿ ಹದಿನೈದು ಹೆಜ್ಜೆ ದೂರ ನಿಲ್ಲುತ್ತಿದ್ದ. ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿಕೊಂಡು ಜಾಗ ಹುಡುಕುತ್ತಿದ್ದ. ಮೂಗಿಗೆ ಕರ್ಚೀಫು. ಅಲ್ಲಿಂದಲೇ ಕೂಗು.

"ಆ ನಟ್ಟು ಸಡಿಲಿಸು. ಅದಲ್ಲ, ಮೇಲಿಂದು! ಕಣ್ಣು ಕಾಣ್ಸಲ್ವಾ ನಿಂಗೆ?"

ಅವನಿಗೂ ಕಾಣುತ್ತಿರಲಿಲ್ಲ. ಅವನು ನಿಂತ ಜಾಗದಿಂದ ಚಕ್ರದ ಹೊರಗಿನ ರಬ್ಬರು ಬಿಟ್ಟು ಇನ್ನೇನೂ ಕಾಣುವಂತಿರಲಿಲ್ಲ. ನೆನಪಿನಿಂದ ಹೇಳುತ್ತಿದ್ದ, ಬೇರೆ ಗಾಡಿಗಳ ನೆನಪಿನಿಂದ. ಪೈಪಕ್ಕ ಹಳೇ ರಬ್ಬರ್ ಶೀಟಿನ ಮೇಲೆ ಅಂಗಾತ ಮಲಗಿ ಜಾರಿಕೊಂಡು ಕೆಳಗೆ ಹೋಗುತ್ತಿದ್ದಳು. ಮಾಲು ತುಂಬುವ ತೊಟ್ಟಿಯ ಬಿರುಕಿನಿಂದ ಮುಖದ ಮೇಲೆ ರಕ್ತದ ನೀರು ತೊಟ್ಟಿಕ್ಕುತ್ತಿತ್ತು. ಬಾಯಿ ಬಿಗಿ ಹಿಡಿದು ಕೆಲಸ ಮಾಡುವುದನ್ನು ಅವಳು ಮೊದಲ ವಾರದಲ್ಲೇ ಕಲಿತಳು. ಒಂದು ಸಲ ಬಾಯಿ ತೆರೆದದ್ದಕ್ಕೆ ಮೂರು ದಿನ ಅನ್ನ ಸೇರಿರಲಿಲ್ಲ.

ನಾಲ್ಕು ವರ್ಷ ಹೀಗೇ. ಬರಬರುತ್ತ ಅವಳಿಗೆ ಮೇಸ್ತ್ರಿಯ ಕೂಗು ಬೇಕಿರಲಿಲ್ಲ. ಬೆರಳಿಗೇ ಎಲ್ಲ ಗೊತ್ತಾಗುತ್ತಿತ್ತು. ಬ್ರೇಕಿನ ಬಿಗಿ ಎಷ್ಟಿರಬೇಕು, ಗಾಳಿಯ ಪೈಪು ಎಲ್ಲಿ ಸೋರುತ್ತಿದೆ, ಯಾವ ಚಕ್ರ ಬಿಸಿಯಾಗುತ್ತಿದೆ. ಅವಳು ಕೆಲಸ ಮುಗಿಸಿ ಹೊರಗೆ ಬಂದ ಮೇಲೆ ಮೇಸ್ತ್ರಿ ಚೀಟಿ ತೆಗೆದು ಬರೆಯುತ್ತಿದ್ದ: ಪರಿಶೀಲಿಸಿದೆ, ಸರಿಯಿದೆ. ಕೆಳಗೆ ಉದ್ದನೆಯ ಸಹಿ, ಅದರ ಕೆಳಗೆ ಎರಡು ಗೆರೆ.

ಒಮ್ಮೆ ಅವಳು ಮ್ಯಾನೇಜರ್ ಹತ್ತಿರ ಕೇಳಿದ್ದೂ ಉಂಟು. "ಸಾರ್, ಬ್ರೇಕ್ ಕೆಲಸ ಎಲ್ಲಾ ನಾನೇ ಮಾಡ್ತೀನಿ. ಹೆಲ್ಪರ್ ಅಂತ ಬರ್ಕೊಳ್ಳಿ."

ಮ್ಯಾನೇಜರ್ ಫೈಲಿನಿಂದ ತಲೆಯೆತ್ತಿ ನೋಡಿದ. "ಹೆಲ್ಪರ್ ಅಂದ್ರೆ ವರ್ಕ್‌ಶಾಪ್ ಒಳಗೆ ಕೂತ್ಕೋಬೇಕಾಗುತ್ತೆ. ನೀನು ಬಂದು ಕೂತ್ರೆ ಉಳಿದೋರು ಊಟ ಮಾಡೋದು ಬೇಡ್ವೇನೇ?" ಎಂದ. ಪಕ್ಕದಲ್ಲಿದ್ದ ಗುಮಾಸ್ತ ಕಿಸಕ್ಕನೆ ನಕ್ಕ. ಅವಳು ವಾಪಸು ಬಂದು ಪೈಪು ಹಿಡಿದಳು. ಆವತ್ತು ಹುಟ್ಟಿದ ಅಸಹ್ಯಕ್ಕೂ ತೊಟ್ಟಿಯೊಳಗಿನ ಕರುಳಿಗೂ ಸಂಬಂಧವಿರಲಿಲ್ಲ.

ಆ ಗಾಡಿಗೆ ಎಬಿಎಸ್ ಇತ್ತು. ಜೋರಾಗಿ ಬ್ರೇಕು ಒತ್ತಿದಾಗ ಚಕ್ರ ಪೂರಾ ಕಚ್ಚಿಕೊಂಡು ಜಾರದ ಹಾಗೆ, ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ಏರ್ಪಾಡು. ಚಕ್ರದ ಒಳಮೈಗೆ ಕಬ್ಬಿಣದ ಒಂದು ಬಳೆ, ಬಳೆಯ ತುಂಬ ಹಲ್ಲು. ಅದರ ಎದುರಿಗೆ ಬೆರಳುದ್ದದ ಸೆನ್ಸರ್. ಹಲ್ಲು ಒಂದೊಂದಾಗಿ ಮುಂದೆ ಹಾಯುವುದನ್ನು ಎಣಿಸಿ, ಚಕ್ರ ತಿರುಗುತ್ತಿದೆಯೋ ನಿಂತಿದೆಯೋ ಎಂದು ಸೆನ್ಸರ್ ಮೇಲಕ್ಕೆ ಹೇಳಬೇಕು. ಹಲ್ಲು ಹೋದರೆ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದರೆ ಏರ್ಪಾಡು ಕೈ ಚೆಲ್ಲಿ ಕೂರುತ್ತದೆ. ಆಗ ಡ್ರೈವರನ ಮುಂದೆ ಹಳದಿ ದೀಪ ಹತ್ತಿಕೊಳ್ಳುತ್ತದೆ, ಆರುವುದಿಲ್ಲ.

ಉಪ್ಪು ಮತ್ತು ರಕ್ತ ಸೇರಿ ಕಬ್ಬಿಣವನ್ನು ತಿನ್ನುತ್ತವೆ. ಬಲಗಡೆಯ ಹಿಂದಿನ ಚಕ್ರದ ತಗಡಿನ ಮುಚ್ಚಳ ಮೊದಲು ಹೋಯಿತು. ಆಮೇಲೆ ಬಳೆಯ ಹಲ್ಲು ಹೋಗತೊಡಗಿತು. ಪೈಪಕ್ಕ ಗಸಿ ಕೆರೆದು ತೆಗೆಯುವಾಗ ಬೆರಳಿಗೆ ಗುಂಡಿ ಸಿಕ್ಕಿತು. ಎಣಿಸಿದಳು. ಹನ್ನೊಂದು ಹಲ್ಲಿಲ್ಲ.

"ಮೇಸ್ತ್ರಿ, ಬಳೆ ಹೋಗಿದೆ. ಹೊಸದು ಹಾಕ್ಬೇಕು."

"ಸೆನ್ಸರ್ ಒಳಕ್ಕೆ ಒತ್ತಿ ಕೂರ್ಸು. ಸರಿ ಹೋಗುತ್ತೆ."

"ಸೆನ್ಸರ್ ಸರಿಯಿದೆ. ಬಳೇಲಿ ಹಲ್ಲಿಲ್ಲ ಅಂತಿದೀನಿ."

"ಏಯ್, ನಂಗೆ ಪಾಠ ಹೇಳ್ಬೇಡ. ಒತ್ತು ಅಂದ್ರೆ ಒತ್ತು."

ಮೂರು ಸಲ ಹೇಳಿದಳು. ಮೂರನೇ ಸಲ ಮ್ಯಾನೇಜರ್ ಕೂಡ ಅಲ್ಲೇ ಇದ್ದ. ವಾರ್ಷಿಕ ತಪಾಸಣೆ ಹತ್ತಿರ ಬಂದಿತ್ತು. ದೀಪ ಹತ್ತಿಯೇ ಇದ್ದರೆ ಗಾಡಿ ಪಾಸಾಗುವುದಿಲ್ಲ. "ಇನ್ನಾರು ತಿಂಗಳಿಗೆ ಗುಜರಿಗೆ ಹಾಕೋ ಗಾಡಿ ಇದು. ಇದಕ್ಕೆ ಹೊಸ ಸಾಮಾನು ಯಾವನು ಹಾಕ್ತಾನೆ? ದೀಪ ಆರಿಸಿದ್ರೆ ಸಾಕು," ಎಂದ ಮ್ಯಾನೇಜರ್.

ದೀಪದ ಬಲ್ಬು ಕಿತ್ತರೆ ತಪಾಸಣೆಯವರಿಗೆ ಗೊತ್ತಾಗುತ್ತದೆ. ಕೀಲಿ ತಿರುಗಿಸಿದಾಗ ಅದು ಒಮ್ಮೆ ಹತ್ತಲೇಬೇಕು, ಆಮೇಲೆ ಆರಬೇಕು. ಮೇಸ್ತ್ರಿ ತಲೆ ಓಡಿಸಿದ. ಆಯಿಲ್ ದೀಪ ಕೀಲಿ ತಿರುಗಿಸಿದಾಗ ಹತ್ತುತ್ತದೆ, ಇಂಜಿನ್ ಶುರುವಾದಾಗ ಆರುತ್ತದೆ. ಅದರ ತಂತಿಯನ್ನು ಈ ದೀಪಕ್ಕೆ ಜೋಡಿಸಿಬಿಟ್ಟರೆ ಆಯಿತು. ಆ ಕೆಲಸಕ್ಕೆ ಕೆಳಗೆ ಮಲಗಬೇಕಿಲ್ಲ. ಅಂದು ಮೇಸ್ತ್ರಿ ಮೂಗಿಗೆ ಎರಡು ಸುತ್ತು ಬಟ್ಟೆ ಕಟ್ಟಿಕೊಂಡು, ಸೀಟಿನ ಮೇಲೆ ಪ್ಲಾಸ್ಟಿಕ್ ಹಾಸಿಕೊಂಡು ಕ್ಯಾಬಿನ್ ಹತ್ತಿದ. ನಾಲ್ಕು ವರ್ಷದಲ್ಲಿ ಆ ಗಾಡಿಗೆ ಅವನು ಕೈ ಹಚ್ಚಿದ್ದು ಅದೊಂದೇ ಸಲ. ಹತ್ತು ನಿಮಿಷದ ಕೆಲಸ. ತಪಾಸಣೆಯಲ್ಲಿ ಗಾಡಿ ಪಾಸಾಯಿತು.

ಪೈಪಕ್ಕ ಕೆಳಗೆ ನಿಂತು ಎಲ್ಲ ನೋಡಿದ್ದಳು. ನೋಡಿ ಪೈಪು ಸುತ್ತಿಟ್ಟಿದ್ದಳು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ತುಂತುರು ಹನಿಯುತ್ತಿತ್ತು. ಮ್ಯಾನೇಜರ್ ಕಿಟಕಿಯಿಂದ ಕೂಗಿದ. "ಏಯ್ ಪೈಪಕ್ಕಾ, ಸಲಿಕೆ ತಗೊಂಡು ಟೆಂಪೋ ಹತ್ತು. ಇಳಿಜಾರಿನ ಹತ್ರ ರೋಡ್ ಮೇಲೆ ಮಾಲು ಚೆಲ್ಲಿದೆ."

ಅವಳು ಕಿಟಕಿಯ ಹತ್ತಿರ ಓಡಿದಳು. "ತಮ್ಮ?"

"ಅವನಿಗೇನಾಗಿಲ್ಲ. ಮೊದ್ಲು ರೋಡ್ ಕ್ಲೀನಾಗ್ಲಿ. ಜನ ಫೋನ್ ಮೇಲೆ ಫೋನ್ ಮಾಡ್ತಾವ್ರೆ."

ಇಳಿಜಾರಿನ ಬುಡದಲ್ಲಿ ಬಸ್ ಸ್ಟಾಪು. ಬಸ್ಸೊಂದು ಫಕ್ಕನೆ ಮುಂದೆ ಬಂದಿದೆ. ತಮ್ಮ ಬ್ರೇಕು ತುಳಿದಿದ್ದಾನೆ. ಹಿಂದಿನ ಚಕ್ರ ಕಚ್ಚಿಕೊಂಡು, ಒದ್ದೆ ರಸ್ತೆಯಲ್ಲಿ ಗಾಡಿ ಅಡ್ಡ ತಿರುಗಿ ಬಸ್ ಸ್ಟಾಪಿನ ಕಂಬಕ್ಕೆ ಬಡಿದಿದೆ. ಅಲ್ಲಿ ನಿಂತಿದ್ದ ಒಬ್ಬ ಹೆಂಗಸಿಗೆ ಕಾಲು ಮುರಿದಿತ್ತು, ಒಬ್ಬ ಮುದುಕನಿಗೆ ಸೊಂಟ. ಅವರಿಬ್ಬರನ್ನೂ ಜನ ಆಗಲೇ ಎತ್ತಿ ಆಟೋದಲ್ಲಿ ಹಾಕಿ ಕಳಿಸಿದ್ದರು. ಒಳ್ಳೆಯ ಕೆಲಸವೇ.

ಡ್ರೈವರನನ್ನು ಯಾರೂ ಎತ್ತಿರಲಿಲ್ಲ.

ತೊಟ್ಟಿಯಲ್ಲಿದ್ದದ್ದೆಲ್ಲ ಮುನ್ನುಗ್ಗಿ, ಮುಚ್ಚಳ ಕಿತ್ತುಕೊಂಡು, ಕ್ಯಾಬಿನ್ನಿನ ಮೇಲೆ ಸುರಿದಿತ್ತು. ಒಡೆದ ಗಾಜಿನ ಮೇಲೆ, ಬಾಗಿಲಿನ ಮೇಲೆ, ಕನ್ನಡಿಯ ಮೇಲೆ ಕರುಳು ಜೋತಾಡುತ್ತಿತ್ತು. ನೊಣ ಮುತ್ತಿತ್ತು. ಜನ ಅರ್ಧ ವೃತ್ತ ಕಟ್ಟಿ ನಿಂತಿದ್ದರು. ಎಲ್ಲರ ಒಂದು ಕೈ ಮೂಗಿನ ಮೇಲೆ, ಇನ್ನೊಂದು ಕೈಯಲ್ಲಿ ಫೋನು. ತಮ್ಮ ಒಳಗೆ ಸ್ಟೇರಿಂಗಿಗೂ ಸೀಟಿಗೂ ನಡುವೆ ಸಿಕ್ಕಿಕೊಂಡು ನಲವತ್ತು ನಿಮಿಷದಿಂದ ನೀರು ನೀರು ಎನ್ನುತ್ತಿದ್ದ. ಯಾರೋ ಪುಣ್ಯಾತ್ಮ ನೀರಿನ ಬಾಟ್ಲಿಯೊಂದನ್ನು ಗಾಡಿಯ ಕಡೆಗೆ ಉರುಳಿಸಿದ್ದ. ಅದು ಮೂರು ಮಾರು ದೂರದಲ್ಲೇ ನಿಂತಿತ್ತು. ಅದನ್ನು ಮುಂದಕ್ಕೆ ತಳ್ಳಲೂ ಯಾರೂ ಹೋಗಿರಲಿಲ್ಲ.

ಪೈಪಕ್ಕ ಸಲಿಕೆ ಎಸೆದು ಓಡಿದಳು. ಬರಿಗೈಯಲ್ಲಿ ಬಾಚಿ ಬಾಚಿ ಎಸೆದು ಬಾಗಿಲು ಹುಡುಕಿದಳು. ಹಿಂದಿನಿಂದ ಯಾರೋ ಅಂದದ್ದು ಕೇಳಿಸಿತು: "ಅಬ್ಬಬ್ಬಾ, ಹ್ಯಾಗೆ ಮುಟ್ತಾಳೆ ನೋಡಿ. ಅವರಿಗೆಲ್ಲ ಅಭ್ಯಾಸ ಆಗಿರುತ್ತೆ ಬಿಡಿ."

ಅವಳು ತಿರುಗಿ ನೋಡಿದಳು. ಒಳ್ಳೆಯ ಇಸ್ತ್ರಿ ಅಂಗಿಯ ಮನುಷ್ಯ. ಆ ಮುಖಕ್ಕೆ ಉಗಿಯಬೇಕೆನಿಸಿತು. ಉಗಿಯಲು ಪುರುಸೊತ್ತಿರಲಿಲ್ಲ.

"ಅಕ್ಕಾ," ಎಂದ ತಮ್ಮ. "ಬ್ರೇಕ್ ಹಿಡೀತು ಕಣೇ. ಬಿಡಲೇ ಇಲ್ಲ. ಚಕ್ರ ಕಚ್ಕೊಂಡು ಹಾಗೇ ಜಾರ್ಬಿಡ್ತು."

"ಮಾತಾಡ್ಬೇಡ. ಉಸಿರು ತಗೋ."

ಆಂಬುಲೆನ್ಸಿನವರು ಪ್ಲಾಸ್ಟಿಕ್ ಹಾಳೆ ಮೇಲೆ ಹಾಳೆ ಹಾಸಿ, ಆಮೇಲೆ ಅವನನ್ನು ಮಲಗಿಸಿಕೊಂಡರು. ಪೈಪಕ್ಕನನ್ನು ಹತ್ತಿಸಿಕೊಳ್ಳಲಿಲ್ಲ. ಅವಳು ಕೆಳಗೆ ನಿಂತು ಅದು ಹೋಗುವುದನ್ನು ನೋಡಿದಳು. ಟೆಂಪೋ ಡ್ರೈವರ್ ಸಲಿಕೆ ತಂದು ಕೈಗಿಟ್ಟ. ತಮ್ಮನ ಪಕ್ಕೆಲುಬು ಎಷ್ಟು ಮುರಿದಿವೆ ಎಂದು ತಿಳಿಯದೆ ಎರಡು ಗಂಟೆ ಹೊತ್ತು ಅವಳು ಆ ರಸ್ತೆಯನ್ನು ಬಳಿದಳು. ಕೊನೆಗೆ ಅಲ್ಲಿನ ಅಂಗಡಿಯವನು ಬಂದು ಹೇಳಿದ: "ಫಿನಾಯ್ಲ್ ಹಾಕಮ್ಮಾ, ಗಿರಾಕಿ ಬರಲ್ಲ."

ಮಾರನೆಯ ಬೆಳಗ್ಗೆ ಮ್ಯಾನೇಜರ್ ಹೇಳಿ ಕಳಿಸಿದ.

"ಬನ್ನಿ ಬನ್ನಿ, ಕೂತ್ಕೊಳ್ಳಿ," ಎಂದ. ಪೈಪಕ್ಕ ಹಿಂದೆ ಯಾರು ಬಂದರೆಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಅವಳಿಗೇ ಹೇಳಿದ್ದು. ಕುರ್ಚಿಯ ಮೇಲೆ ನಿನ್ನೆಯ ಪೇಪರ್ ಹಾಸಿತ್ತು. ಕುಳಿತಾಗ ಅದು ಪರಪರ ಎಂದಿತು. ಗುಮಾಸ್ತ ಟೀ ತಂದಿಟ್ಟ, ಕಪ್-ಸಾಸರಿನಲ್ಲಿ. ಕಪ್ಪಿನ ಅಂಚು ಒಡೆದಿತ್ತು. ಹೇಗೂ ಬಿಸಾಡುವ ಕಪ್ಪನ್ನೇ ಹುಡುಕಿ ತಂದಿದ್ದಾರೆ ಎಂದು ಅವಳಿಗೆ ತಿಳಿಯಿತು. ಕುಡಿಯಲಿಲ್ಲ.

ಮ್ಯಾನೇಜರ್ ಎರಡು ಕಾಗದ ಮುಂದಿಟ್ಟ. ಮೊದಲನೆಯದರಲ್ಲಿ ಅವಳ ಪೂರ್ತಿ ಹೆಸರಿತ್ತು, ಅಪ್ಪನ ಹೆಸರಿನ ಸಮೇತ. ಎರಡು ವರ್ಷದ ಹಿಂದಿನ ತಾರೀಖು ಹಾಕಿ, ಸದರಿಯವರನ್ನು ಬ್ರೇಕ್ ವಿಭಾಗದ ಸಹಾಯಕಿಯಾಗಿ ನೇಮಿಸಲಾಗಿದೆ ಎಂದು ಬರೆದಿತ್ತು. ಅವಳು ಅಕ್ಷರ ಕೂಡಿಸಿ ಓದುವವಳು. ನಿಧಾನಕ್ಕೆ ಓದಿದಳು. ಎರಡನೆಯದನ್ನು ಗಟ್ಟಿಯಾಗಿ ಓದಿದಳು.

"'ನೀರಿನ ರಭಸದಿಂದ ಸೆನ್ಸರಿನ ತಂತಿ ನನ್ನ ಕೈಯಿಂದ ತುಂಡಾಗಿದ್ದು, ಅದನ್ನು ನಾನು ಯಾರ ಗಮನಕ್ಕೂ ತಾರದೆ...' ನಾನು ಯಾರಿಗೂ ಹೇಳ್ಲಿಲ್ವಾ ಸಾರ್?"

"ಅದು ಬರೆಯೋ ಪದ್ಧತಿ ಅಮ್ಮ. ಹಾಗೇ ಬರೀಬೇಕು."

"ಮೂರು ಸಲ ಹೇಳಿದ್ದೆ. ಒಂದು ಸಲ ನೀವೂ ಇದ್ರಿ."

"ನೋಡಿ," ಮ್ಯಾನೇಜರ್ ಕುರ್ಚಿ ಮುಂದಕ್ಕೆಳೆದ. ಆಮೇಲೆ ಏನೋ ನೆನಪಾದವನಂತೆ ಹಿಂದಕ್ಕೂ ಎಳೆದುಕೊಂಡ. "ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ನೀವು ಇದಕ್ಕೆ ಸಹಿ ಹಾಕಿದ್ರೆ, ಡ್ರೈವರ್‌ದು ತಪ್ಪಿಲ್ಲ, ಸಹಾಯಕಿ ಕೈತಪ್ಪು ಅಂತ ಕಂಪನಿ ಬರೆದುಕೊಡುತ್ತೆ. ನಿಮ್ಮ ತಮ್ಮ ಪಾರು. ಹಾಕದಿದ್ರೆ ಕಂಪನಿ ಅತಿವೇಗ ಅಂತ ಬರೀಬೇಕಾಗುತ್ತೆ. ಲೈಸೆನ್ಸ್ ಹೋಗುತ್ತೆ. ಜೈಲೂ ಆಗ್ಬಹುದು. ಎರಡು ಮಕ್ಕಳಲ್ವಾ ಅವನಿಗೆ? ನಾಳೆ ಹತ್ತು ಗಂಟೆಗೆ ತಪಾಸಣೆ ಅಧಿಕಾರಿ ಬರ್ತಾರೆ. ಅಷ್ಟರಲ್ಲಿ ಹೇಳಿ."

ಅವಳು ಎದ್ದಳು. ಪೇಪರ್ ಸೀರೆಗೆ ಅಂಟಿಕೊಂಡು ಬಂತು. ಗುಮಾಸ್ತ ನಗು ನುಂಗಿಕೊಂಡ.

ಆಸ್ಪತ್ರೆಗೆ ಹೋಗುವ ಮುಂಚೆ ಮೂರು ಸಲ ಮೈ ತೊಳೆದುಕೊಂಡಳು. ಆದರೂ ವಾರ್ಡಿನ ನರ್ಸು ಮೂಗು ಅರಳಿಸಿ ನೋಡಿದಳು. ತಮ್ಮನ ಎದೆಗೆ ಪಟ್ಟಿ ಸುತ್ತಿತ್ತು, ಎಡಗಾಲಿಗೆ ಪ್ಲಾಸ್ಟರು. ತಮ್ಮನ ಹೆಂಡತಿ ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದಳು. ಮ್ಯಾನೇಜರ್ ಇಲ್ಲಿಗೂ ಬಂದು ಹೋಗಿದ್ದ. ಮೋಸಂಬಿಯ ಚೀಲ ಇಟ್ಟು ಹೋಗಿದ್ದ.

"ಹಾಕ್ಬಿಡು ಅಕ್ಕಾ," ಎಂದ ತಮ್ಮ. ಅವಳು ಇನ್ನೂ ಬಾಯಿಯೇ ತೆರೆದಿರಲಿಲ್ಲ.

"ನಾನು ಮಾಡದ್ದಕ್ಕೆ?"

"ನಂಗೆ ಇದು ಬಿಟ್ಟು ಬೇರೆ ಕೆಲಸ ಬರಲ್ಲ. ಲೈಸೆನ್ಸ್ ಹೋದ್ರೆ ನಾನು ಸತ್ತ ಹಾಗೇ. ನಿಂಗೇನಿದೆ ಹೇಳು ಕಳ್ಕೊಳ್ಳೋಕೆ? ಪೈಪು ತಾನೆ? ಅದು ಎಲ್ಲಿ ಬೇಕಾದ್ರೂ ಸಿಗುತ್ತೆ."

ತಮ್ಮನ ಹೆಂಡತಿ ತಲೆ ಎತ್ತಲಿಲ್ಲ. "ನಿಮ್ಮ ಕಾಲಿಗೆ ಬೀಳ್ತೀನಿ ಅಕ್ಕ," ಎಂದಳು ನೆಲ ನೋಡುತ್ತಲೇ.

ಪೈಪಕ್ಕ ಮೋಸಂಬಿಯ ಚೀಲವನ್ನು ಮಂಚದ ಕೆಳಗೆ ಸರಿಸಿದಳು. ಆಮೇಲೆ ಕೇಳಿದಳು. "ಆ ದೀಪದ ವಿಷಯ ನಿಂಗೆ ಗೊತ್ತಿತ್ತಾ?"

ತಮ್ಮ ಗೋಡೆಯ ಕಡೆ ಮುಖ ತಿರುಗಿಸಿದ. "ಎರಡು ದೀಪ ಒಟ್ಟಿಗೆ ಹತ್ತೋದು, ಒಟ್ಟಿಗೆ ಆರೋದು. ಕುರುಡನಿಗೂ ಗೊತ್ತಾಗುತ್ತೆ. ಬಾಯಿ ಬಿಟ್ರೆ ಗಾಡಿ ಕಿತ್ಕೊಳ್ತಿದ್ರು. ಬೇರೆ ಗಾಡಿ ನಮಗ್ಯಾರು ಕೊಡ್ತಾರೆ?"

ಹೊರಗೆ ಬಂದು ಆಸ್ಪತ್ರೆಯ ನಲ್ಲಿಯ ಹತ್ತಿರ ನಿಂತಾಗ ಅವಳಿಗೆ ವಾಂತಿ ಬಂತು. ನಿನ್ನೆ ಕರುಳು ಬಾಚಿದಾಗ ಬಾರದ್ದು ಈಗ ಬಂತು. ಮ್ಯಾನೇಜರನ ಮೋಸಂಬಿ, ಒಡೆದ ಕಪ್ಪು, ಪೇಪರ್ ಹಾಸಿದ ಕುರ್ಚಿ. ನಿಂಗೇನಿದೆ ಎಂದ ತಮ್ಮ. ಎಲ್ಲಕ್ಕಿಂತ ಹೆಚ್ಚಾಗಿ ಅವಳದೇ ಮುಚ್ಚಿದ ಬಾಯಿ. ಮೇಸ್ತ್ರಿ ತಂತಿ ಜೋಡಿಸುವುದನ್ನು ಕಣ್ಣಾರೆ ನೋಡಿ ಸುಮ್ಮನೆ ಪೈಪು ಸುತ್ತಿಟ್ಟವಳು ತಾನು. ಆ ಹೆಂಗಸಿನ ಕಾಲು, ಆ ಮುದುಕನ ಸೊಂಟ ಮುರಿದದ್ದರಲ್ಲಿ ತನ್ನದೂ ಇದೆ. ಕಾಗದದಲ್ಲಿ ಬರೆದಷ್ಟಲ್ಲ. ಆದರೆ ಇದೆ.

ಮಾರನೆಯ ದಿನ ಏಳು ಗಂಟೆಗೆ ಯಾರ್ಡಿಗೆ ಹೋದಳು. ಗಾಡಿಯನ್ನು ಎಳೆದು ತಂದು ತೊಳೆಯುವ ಕಟ್ಟೆಯ ಮೇಲೆ ನಿಲ್ಲಿಸಿದ್ದರು. ಹಿಂದಿನ ದಿನದ ಬಿಸಿಲಿಗೆ ಉಳಿದದ್ದೆಲ್ಲ ಕೊಳೆತಿತ್ತು. ಚಾಸಿಯ ಸಂದಿಯಲ್ಲಿ ಹುಳ ಮಿಜಿಗುಟ್ಟುತ್ತಿದ್ದವು. ಮ್ಯಾನೇಜರ್ ದೂರದಿಂದಲೇ ಕೂಗಿದ. "ಒಂಬತ್ತೂವರೆಗೆ ಲಕಲಕ ಅನ್ಬೇಕು. ಅಧಿಕಾರಿಗಳು ಬರ್ತಾರೆ."

ಅವಳು ಪೈಪು ಸುತ್ತಿ, ಅದರ ಪಕ್ಕ ಕಟ್ಟೆಯ ಮೇಲೆ ಕುಳಿತಳು.

ಎಂಟಾಯಿತು. ಒಂಬತ್ತಾಯಿತು. ಮ್ಯಾನೇಜರ್ ಓಡಿ ಬಂದ, ಮೂಗು ಹಿಡಿದುಕೊಂಡು. "ಇದೇನಿದು? ಯಾಕೆ ಕೂತಿದ್ದೀರಾ?"

"ಇವತ್ತು ತೊಳೆಯಲ್ಲ ಸಾರ್. ಹ್ಯಾಗಿದೆಯೋ ಹಾಗೇ ನೋಡ್ಲಿ."

"ತಲೆಗಿಲೆ ಕೆಟ್ಟಿದೆಯಾ? ಎದ್ದೇಳಿ."

"ಬೇರೆಯವರ ಕೈಲಿ ತೊಳೆಸಿ."

ಮ್ಯಾನೇಜರ್ ಉಳಿದ ವಾಟರ್ ಸರ್ವಿಸ್ ಆಳುಗಳನ್ನು ಕರೆದ. ಒಬ್ಬನಿಗೆ ಬೆನ್ನು ನೋವು. ಇನ್ನೊಬ್ಬ ಬಿಸ್ಕತ್ತಿನ ಗಾಡಿ ಅರ್ಧ ತೊಳೆದಿದ್ದೇನೆ ಎಂದ. ಮೂರನೆಯವನು ನೇರವಾಗಿ ಹೇಳಿದ: "ಅದು ನಾತದವರ ಕೆಲಸ ಸಾರ್. ನಾವು ಮುಟ್ಟಲ್ಲ." ಮ್ಯಾನೇಜರಿಗೆ ಬೆವರಿಳಿಯಿತು. ನಾಲ್ಕು ವರ್ಷ ಅವನೇ ಹಾಕಿಕೊಟ್ಟ ಪದ್ಧತಿ ಅದು.

ಹತ್ತಕ್ಕೆ ಸರಿಯಾಗಿ ಅಧಿಕಾರಿ ಬಂದ. ತೆಳ್ಳಗಿನ ಮನುಷ್ಯ, ಕೈಯಲ್ಲಿ ಫೈಲು. ಇಪ್ಪತ್ತು ಹೆಜ್ಜೆ ದೂರದಲ್ಲೇ ನಿಂತುಬಿಟ್ಟ. ಕರ್ಚೀಫು ತೆಗೆದ. ಎಲ್ಲರಂತೆಯೇ.

"ಈ ಗಾಡಿಯ ಬ್ರೇಕ್ ನೋಡ್ಕೊಳ್ಳೋರು ಯಾರು?"

"ಈಯಮ್ಮ ಸಾರ್," ಮ್ಯಾನೇಜರ್ ಕಾಗದ ಮುಂದೆ ಹಿಡಿದ. "ನಮ್ಮ ಸಹಾಯಕಿ. ತಪ್ಪೊಪ್ಪಿಗೆ ಬರೆದುಕೊಟ್ಟಿದಾರೆ."

"ಸಹಿ ಎಲ್ಲಿದೆ?"

"ಈಗ ಹಾಕ್ತಾರೆ ಸಾರ್."

"ಹಾಕಲ್ಲ," ಎಂದಳು ಪೈಪಕ್ಕ. ಕಟ್ಟೆಯಿಂದ ಎದ್ದು ನಿಂತಳು. "ಬ್ರೇಕಿಗೆ ಕೈ ಹಾಕ್ತಿದ್ದದ್ದು ನಾನೇ. ಇಲ್ಲ ಅನ್ನಲ್ಲ. ಆದ್ರೆ ಚೀಟೀಲಿ ಯಾರ ಸಹಿ ಇದೆ ನೋಡಿ ಸಾರ್."

ಅಧಿಕಾರಿ ಫೈಲು ತಿರುವಿದ. ಅರವತ್ತೊಂದು ಚೀಟಿ. ಅರವತ್ತೊಂದರಲ್ಲೂ ಉದ್ದನೆಯ ಒಂದೇ ಸಹಿ, ಕೆಳಗೆ ಎರಡು ಗೆರೆ. "ಮೇಸ್ತ್ರಿ ಯಾರು?"

ಆಳುಗಳ ಹಿಂದೆ ನಿಂತಿದ್ದ ಮೇಸ್ತ್ರಿ ಮುಂದೆ ಬಂದ. ಅಂದು ಅವನು ಒಗೆದ ಬಿಳಿ ಅಂಗಿ ಹಾಕಿದ್ದ.

"ಕಳೆದ ತಿಂಗಳು, ಬಲ ಹಿಂದಿನ ಚಕ್ರ, ಸೆನ್ಸರ್ ಮತ್ತು ಬಳೆ ಪರಿಶೀಲಿಸಿದೆ, ಸರಿಯಿದೆ ಅಂತ ಬರೆದಿದ್ದೀರಿ. ತೋರ್ಸಿ ನೋಡೋಣ."

"ಅಲ್ಲಿದೆ ಸಾರ್," ಮೇಸ್ತ್ರಿ ನಿಂತಲ್ಲಿಂದಲೇ ಕೈ ಚಾಚಿದ.

"ಅಲ್ಲಿ ಅಂದ್ರೆ ಎಲ್ಲಿ? ಕೆಳಗೆ ಹೋಗಿ ತೋರ್ಸಿ. ನಾನು ಇಳಿಯೋಕಾಗಲ್ಲ."

ಮೇಸ್ತ್ರಿ ಮ್ಯಾನೇಜರನನ್ನು ನೋಡಿದ. ಮ್ಯಾನೇಜರ್ ಪೈಪಕ್ಕನನ್ನು ನೋಡಿದ. 'ನೀವು' ಹೋಗಿ 'ನೀನು' ವಾಪಸು ಬಂತು. "ಏನು ನೋಡ್ತಾ ನಿಂತಿದ್ದೀಯ? ಹೋಗಿ ತೋರ್ಸೇ!"

ನಾಲ್ಕು ವರ್ಷದ ಅಭ್ಯಾಸಕ್ಕೆ ಅವಳ ಮೊಣಕಾಲು ತಾನಾಗಿಯೇ ಬಾಗತೊಡಗಿತು. ಅದನ್ನು ಅವಳು ಗಮನಿಸಿದಳು. ಕಾಲು ನೆಟ್ಟಗೆ ಮಾಡಿ ನಿಂತಳು.

"ನಾನು ಇಳಿಯಲ್ಲ. ಸಹಿ ಹಾಕಿದವರು ಇಳೀಲಿ."

ಯಾರ್ಡಿನ ಡ್ರೈವರುಗಳೆಲ್ಲ ಬಂದು ಸೇರಿದ್ದರು. ಯಾರೋ ಸೀಟಿ ಹಾಕಿದರು. ಅಧಿಕಾರಿ ಗಡಿಯಾರ ನೋಡಿಕೊಂಡ. ಅವನಿಗೆ ಅವಳ ಮೇಲೆ ಕರುಣೆಯೇನೂ ಬಂದಿರಲಿಲ್ಲ, ಅಲ್ಲಿಂದ ಬೇಗ ಹೊರಟರೆ ಸಾಕಿತ್ತು. "ಇಳೀರಿ ಮೇಸ್ತ್ರಿ. ನಿಮ್ಮ ಸಹಿ, ನೀವು ತೋರ್ಸಬೇಕು. ಅದೇ ನಿಯಮ. ಬೇಗ."

ಮೇಸ್ತ್ರಿ ಪೇಪರು ಹಾಸಿದ. ಅದು ತಕ್ಷಣ ಒದ್ದೆಯಾಯಿತು. ಅಂಗಾತ ಮಲಗಿ, ಬಿಳಿ ಅಂಗಿಯ ತೋಳು ಮಡಚಿ, ಮೊಣಕೈ ಊರುತ್ತ ಒಳಕ್ಕೆ ಹೋದ. ತಲೆ ಮರೆಯಾಯಿತು. ಸೊಂಟ ಮರೆಯಾಯಿತು. ಒಳಗಿನಿಂದ ಒಮ್ಮೆ, ಮತ್ತೊಮ್ಮೆ, ಓಕರಿಸುವ ಸದ್ದು ಕೇಳಿಸಿತು.

"ಬಲಗಡೆ ಚಕ್ರದ ಹಿಂದೆ ಕೈ ಹಾಕಿ," ಎಂದಳು ಪೈಪಕ್ಕ. "ಗಸಿ ಕೆರೀರಿ. ಬಳೆ ಸಿಗುತ್ತೆ. ಬಾಯಿ ಮುಚ್ಕೊಳ್ಳಿ, ಮೇಲಿಂದ ಬೀಳುತ್ತೆ."

ಸ್ವಲ್ಪ ಹೊತ್ತು ಬರೀ ಕೆರೆಯುವ ಸದ್ದು. ಆಮೇಲೆ ಮೇಸ್ತ್ರಿಯ ಧ್ವನಿ ಬಂತು. ನಿಜವಾಗಿ ಬೆಚ್ಚಿಬಿದ್ದವನ ಧ್ವನಿ. "ಅಯ್ಯೋ, ಇಲ್ಲಿ ಹಲ್ಲೇ ಇಲ್ವಲ್ಲ!"

ಡ್ರೈವರುಗಳು ಹೋ ಎಂದು ನಕ್ಕರು. ಪೈಪಕ್ಕ ನಗಲಿಲ್ಲ. ಅವನು ಅದನ್ನು ಇಂದೇ ಮೊದಲ ಸಲ ಮುಟ್ಟುತ್ತಿದ್ದಾನೆ ಎಂಬುದು ಅವಳಿಗೆ ಗೊತ್ತಿದ್ದದ್ದೇ. ಆದರೂ ಕಿವಿಯಾರೆ ಕೇಳಿದಾಗ ಹೇಸಿಗೆ ಇನ್ನೊಮ್ಮೆ ಉಕ್ಕಿ ಬಂತು. ಮೂರು ಸಲ ಹೇಳಿದ್ದಳು. ಹದಿನೈದು ಹೆಜ್ಜೆ ನಡೆದು ಬಂದು ಒಂದು ಸಲ ನೋಡಿದ್ದರೆ ಸಾಕಿತ್ತು.

ಮೇಸ್ತ್ರಿ ಹೊರಗೆ ಬಂದ. ಅಂಗಿ ಬಿಳಿಯಾಗಿರಲಿಲ್ಲ. ಕೂದಲಿನಿಂದ ಇಳಿಯುತ್ತಿತ್ತು. "ನೀರು, ನೀರು ಬಿಡೇ," ಎಂದು ಎರಡು ಹೆಜ್ಜೆ ಮುಂದೆ ಬಂದ. ಡ್ರೈವರುಗಳೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಮ್ಯಾನೇಜರ್ ನಾಲ್ಕು ಹೆಜ್ಜೆ ಸರಿದ. ಕ್ಯಾಂಟೀನಿನವನು ಮೂಗು ಮುಚ್ಚಿಕೊಂಡ. ಪೈಪಕ್ಕ ನಲ್ಲಿ ತಿರುಗಿಸಿ ಪೈಪನ್ನು ಅವನ ಕೈಗೆ ಕೊಟ್ಟಳು. "ನೀವೇ ತೊಳ್ಕೊಳ್ಳಿ," ಎಂದಳು.

ಆಮೇಲೆ ಅಧಿಕಾರಿಯ ಹತ್ತಿರ ಹೋದಳು. ಅವನು ಹಿಂದೆ ಸರಿಯಬೇಕೆಂದು ಒಂದು ಕಾಲು ಎತ್ತಿದ. ಏನನ್ನಿಸಿತೋ, ಸರಿಯಲಿಲ್ಲ.

"ನನ್ನ ಹೇಳಿಕೆ ಬರ್ಕೊಳ್ಳಿ ಸಾರ್."

ಅವಳು ಹೇಳಿದಳು, ಅವನು ಬರೆದ. ಹನ್ನೊಂದು ಹಲ್ಲು. ಮೂರು ಸಲ ಹೇಳಿದ್ದು, ಮೂರನೇ ಸಲ ಮ್ಯಾನೇಜರ್ ಅಲ್ಲೇ ನಿಂತಿದ್ದದ್ದು. ಕ್ಯಾಬಿನ್ನಿನಲ್ಲಿ ದೀಪಗಳಿರುವ ಮುರಿದ ಪಟ್ಟಿಯೊಳಗೆ ಎರಡು ದೀಪದ ನಡುವೆ ಕೆಂಪು ತಂತಿ ಇದೆ, ಹತ್ತಿ ನೋಡಬಹುದು, ಜೋಡಿಸಿದ್ದು ಯಾರು ಎಂಬುದು. ಅಧಿಕಾರಿ ತಾನೇ ಮೆಟ್ಟಿಲು ಹತ್ತಿ, ಉಸಿರು ಬಿಗಿ ಹಿಡಿದು, ಇಣುಕಿ ನೋಡಿ ಇಳಿದು ಬಂದ. ಅದನ್ನೂ ಬರೆದುಕೊಂಡ.

"ಇನ್ನೊಂದಿದೆ," ಎಂದಳು. "ತಂತಿ ಜೋಡಿಸಿದ್ದು ನಾನು ನೋಡಿದ್ದೆ. ನೋಡಿ ಸುಮ್ಮನಿದ್ದೆ. ನನ್ನ ತಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೇ ಗಾಡಿ ಓಡಿಸ್ದ. ಅದನ್ನೂ ಬರೀರಿ."

ಮ್ಯಾನೇಜರ್ ಕರ್ಚೀಫು ಕಿತ್ತು ಕೂಗಿದ. "ಹುಚ್ಚಿ! ನಿನ್ನ ತಮ್ಮನನ್ನೇ ಸಿಕ್ಕಿಸ್ತಾ ಇದೀಯಲ್ಲೇ!"

ಪೈಪಕ್ಕ ಅಧಿಕಾರಿಯ ಕೈಯಿಂದ ಪೆನ್ನು ತೆಗೆದುಕೊಂಡಳು. ಅಕ್ಷರ ಕೂಡಿಸಿ ಕೂಡಿಸಿ ಪೂರ್ತಿ ಹೆಸರು ಬರೆದಳು. ಬರೆದು ಮುಗಿಯುವ ತನಕ ಯಾರ ಕಡೆಯೂ ನೋಡಲಿಲ್ಲ.

"ಅವನ ಪಾಲಿಂದು ಅವನು ಅನುಭವಿಸ್ಲಿ. ನನ್ನ ಪಾಲಿಂದು ಬರೆಸಿ ಆಯ್ತು," ಎಂದು ಪೆನ್ನನ್ನು ಮ್ಯಾನೇಜರನ ಮುಂದೆ ಹಿಡಿದಳು. "ಈಗ ನಿಮ್ದು ಹೇಳಿ ಸಾರ್. ಇವರು ಕಾಯ್ತಾ ಇದಾರೆ."